ಕೃತ್ತಿಕೆ ನೆತ್ತಿಗೆ ಬಂತು

ಹೊಸದುರ್ಗ
೪ ಜನವರಿ ೨೦೨೬

ಪ್ರೀತಿಯ ಸಾದಿಕ್,

ನನ್ನ ಕೈಬರಹ ನಿನಗೆ ಗುರುತು ಸಿಕ್ಕಿತೋ ಇಲ್ಲವೋ. ಏಳು ವರ್ಷದಲ್ಲಿ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಮೊನ್ನೆ ಹಿರಿಯೂರಿಗೆ ಹೋಗಿ ನಿಮ್ಮ ದೊಡ್ಡಮ್ಮನನ್ನು ಕಂಡು ಬಂದೆ. "ಅವನ ಹತ್ರ ಫೋನಿಲ್ಲಮ್ಮ, ಆ ಹಿಮದ ಕ್ಯಾಂಪಿನಾಗೆ ಫೋನು ಗೇಟಲ್ಲೇ ಇಸ್ಕಂತಾರಂತೆ. ಕಾಗದ ಹಾಕು, ಹದಿನೈದು ದಿನಕ್ಕೋ ತಿಂಗಳಿಗೋ ಮುಟ್ತೈತೆ" ಎಂದು ಖಾತುನ್ ಬೀ ವಿಳಾಸ ಬರೆಸಿಕೊಟ್ಟರು. ಅಟ್ಟದ ಮೇಲೆ ಕಂಬಳಿ ಸುತ್ತಿ ಇಟ್ಟಿದ್ದ ಟೆಲಿಸ್ಕೋಪನ್ನೂ ಕೊಟ್ಟರು. ಅಣ್ಣ ಕೈಯಾರೆ ಜೋಡಿಸಿದ ಆ ಆರಿಂಚಿನ ಟೆಲಿಸ್ಕೋಪನ್ನು ನೀನು ಇಷ್ಟು ಜೋಪಾನವಾಗಿ ಇಡಿಸಿದ್ದೀಯೆಂದು ನನಗೆ ಗೊತ್ತೇ ಇರಲಿಲ್ಲ. ಕನ್ನಡಿಗೆ ಒಂದು ಗೀರೂ ಇಲ್ಲ.

ವಿಷಯ ಇಷ್ಟೆ. ಅಣ್ಣ ಹೋದ ಮೇಲೆ ನಿಂತುಹೋಗಿದ್ದ ಖಗೋಳ ಬಳಗವನ್ನು ಮತ್ತೆ ಶುರು ಮಾಡಿದ್ದೇನೆ. ನನ್ನ ಕಾಲೇಜಿನ ಹನ್ನೊಂದು ಮಂದಿ ಹುಡುಗಿಯರು ಹುಡುಗರು ಸೇರಿದ್ದಾರೆ. ರೇಣುಕಾ ಕೂಡ ಬರುತ್ತಾಳೆ. ಹೌದು, ಅಣ್ಣನಿಗೆ ಗೊತ್ತು ಮಾಡಿದ್ದ ಶ್ರೀರಾಂಪುರದ ರೇಣುಕಾನೇ. ಅಲ್ಲಿಯ ಪಂಚಾಯಿತಿ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ. ಮದುವೆಯಾಗಿಲ್ಲ. ಲಗ್ನಕ್ಕೆ ಎರಡು ತಿಂಗಳಿರುವಾಗ ಗಂಡು ಓಡಿಹೋದ ಅಂದರೆ ಹೆಣ್ಣಿನಲ್ಲೇ ಏನೋ ಇದೆ ಎಂದು ಆ ಊರು ಇನ್ನೂ ಆಡಿಕೊಳ್ಳುತ್ತದೆ. ಅವಳ ಎದುರೇ ಆಡಿಕೊಳ್ಳುತ್ತದೆ. ನಾನು ಅವಳನ್ನು ಬಳಗಕ್ಕೆ ಕರೆದಾಗ ಅವಳು ಕೇಳಿದ್ದು ಒಂದೇ: "ಅಲ್ಲಿ ಕತ್ಲಿರ್ತೈತಲ್ಲ? ಮುಖ ಕಾಣಲ್ಲ ಅಲ್ವಾ?"

ಫೆಬ್ರವರಿ ಹದಿನಾಲ್ಕರ ಶನಿವಾರ ಚಂದ್ರನಿಲ್ಲದ ರಾತ್ರಿ. ಎಲ್ಲರನ್ನೂ ಬಿ.ದುರ್ಗದ ಮೇಲಿನ ಸೀಳುಗಲ್ಲ ಗುಡ್ಡಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಅಣ್ಣ ಊರು ಬಿಟ್ಟ ಆ ಶನಿವಾರ ನೀನೂ ಅವನೂ ಜಾಗ ನೋಡಿ ಬಂದಿರಲ್ಲ, ಅದೇ ಗುಡ್ಡ. ದಾರಿ ಹೇಗೆ, ಟೆಲಿಸ್ಕೋಪ್ ಇಡಲು ಮಟ್ಟಸವಾದ ಬಂಡೆ ಎಲ್ಲಿದೆ, ಸ್ವಲ್ಪ ಬರೆ.

ಇನ್ನೊಂದು ಮಾತು. ಮೊದಲೂ ಕೇಳಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಅಣ್ಣನನ್ನು ಇಳಿಸಿದೆಯಲ್ಲ, ಆಗ ಅವನು ಬೇರೇನೂ ಹೇಳಲಿಲ್ಲವೇ? ಯಾವ ಕಡೆಯ ರೈಲು ಎಂದಾದರೂ? ಫೋನನ್ನು ಮನೆಯಲ್ಲೇ ಬಿಟ್ಟು ಹೋದನಲ್ಲ, ಅಂದರೆ ಮೊದಲೇ ತೀರ್ಮಾನ ಮಾಡಿದ್ದನೆಂದು ಅಪ್ಪ ಹೇಳುತ್ತಾರೆ. ಎಲ್ಲೋ ಚೆನ್ನಾಗಿರಲಿ ಎಂದು ಅಮ್ಮ ದಿನಾ ಕೈ ಮುಗಿಯುತ್ತಾಳೆ.

ನಿನ್ನ
ಸಹನಾ


ರಸ್ತೆ ಕ್ಯಾಂಪ್, ಲಡಾಖ್
೨೧ ಜನವರಿ ೨೦೨೬

ಸಹನಕ್ಕನಿಗೆ,

ನಿಮ್ಮ ಕಾಗದ ನಿನ್ನೆ ರೇಷನ್ ಗಾಡಿಯಲ್ಲಿ ಬಂತು. ನಾನು ಇಲ್ಲಿ ಹಿಮ ಗೋರುವ ಯಂತ್ರಗಳ ಮೆಕ್ಯಾನಿಕ್. ಜನರೇಟರ್ ಶೆಡ್ಡಿನ ಪಕ್ಕದ ಕೋಣೆ ನನ್ನದು. ಹಗಲೂ ರಾತ್ರಿ ಅದರ ಸದ್ದು, ಆದರೂ ಅಭ್ಯಾಸವಾಗಿದೆ.

ಅಕ್ಕ, ಆ ಗುಡ್ಡ ಬೇಡ. ಈಗ ಸುತ್ತ ಎಲ್ಲ ಗಾಳಿಯಂತ್ರ ಬಂದಿರುತ್ತವೆ, ಅವುಗಳ ಕೆಂಪು ದೀಪ ಮಿನುಗುತ್ತಿದ್ದರೆ ಆಕಾಶ ಎಲ್ಲಿ ಕಾಣುತ್ತದೆ? ಕರಡಿಗಳೂ ಇವೆ. ಬಂಡೆಯ ತುಂಬ ಬಿರುಕು. ಅದಕ್ಕಿಂತ ಯಲ್ಲದಕೆರೆ ಕಡೆಯ ಬಯಲು ಒಳ್ಳೆಯದು, ಟೆಂಪೋ ನೇರ ಅಲ್ಲಿಗೇ ಹೋಗುತ್ತದೆ. ದಯವಿಟ್ಟು ಅಲ್ಲಿಗೇ ಹೋಗಿ.

ಅಣ್ಣನ ವಿಷಯ. ನನಗೆ ಗೊತ್ತಿರುವುದನ್ನೆಲ್ಲ ಆಗಲೇ ಹೇಳಿದ್ದೇನೆ. ಅವರು ಸ್ಟೇಷನ್ನಿನ ಮುಂದೆ ಬೈಕಿನಿಂದ ಇಳಿದರು. ಯಾವ ರೈಲೆಂದು ಹೇಳಲಿಲ್ಲ. ನಗುತ್ತಾ ಕೈ ಬೀಸಿದರು. ನೆಮ್ಮದಿಯಾಗಿದ್ದರು ಅಕ್ಕ. ಅಮ್ಮನಿಗೆ ಹಾಗೇ ಹೇಳಿ.

ರೇಣುಕಾ ಅವರ ವಿಷಯ ನನಗೆ ಗೊತ್ತಿರಲಿಲ್ಲ.

ಸಾದಿಕ್


ಹೊಸದುರ್ಗ
೧೭ ಫೆಬ್ರವರಿ ೨೦೨೬

ಪ್ರೀತಿಯ ಸಾದಿಕ್,

ನಿನ್ನ ಕಾಗದ ಕೈ ಸೇರಿದ್ದು ನಿನ್ನೆ. ಅಷ್ಟರಲ್ಲಿ ನಾವು ಸೀಳುಗಲ್ಲ ಗುಡ್ಡಕ್ಕೆ ಹೋಗಿ ಬಂದಾಗಿತ್ತು. ನಿನ್ನ ಕಾಳಜಿ ಓದಿ ಖುಷಿಯಾಯಿತು. ಅಣ್ಣನ ನೆನಪಾಗಿ ನನಗೆ ನೋವಾದೀತೆಂದು ಕರಡಿಯ ನೆಪ ಹೇಳಿದ್ದೀಯೆಂದು ನನಗೆ ತಿಳಿಯುವುದಿಲ್ಲವೇ!

ಬಿ.ದುರ್ಗದ ಕುರಿಗಾಹಿ ಎತ್ತಪ್ಪನವರು ದಾರಿ ತೋರಿಸಿದರು. ಸಂಜೆ ಆರಕ್ಕೆ ಹತ್ತಿದೆವು. ಬೆಳಕು ಇರುವಾಗಲೇ ಬಿರುಕುಗಳ ಸುತ್ತ ಬಿಳಿ ಹಗ್ಗ ಕಟ್ಟಿಸಿದೆ. ಗಾಳಿಯಂತ್ರಗಳು ಇವೆ, ಆದರೆ ದೂರದ ಸಾಲಿನಲ್ಲಿ. ಕೆಂಪು ದೀಪಗಳೆಲ್ಲ ಒಟ್ಟಿಗೇ ಹತ್ತಿ ಒಟ್ಟಿಗೇ ಆರುತ್ತವೆ, ಗುಡ್ಡದ ಸಾಲೇ ರೆಪ್ಪೆ ಬಡಿದ ಹಾಗೆ. ಹುಡುಗರಿಗೆ ಗುರುಗ್ರಹದ ನಾಲ್ಕು ಚಂದ್ರರನ್ನು ತೋರಿಸಿದೆ. ತೇಜಸ್ವಿನಿ ಅಂತ ಒಬ್ಬಳಿದ್ದಾಳೆ, ಎರಡನೇ ವರ್ಷದ ಬಿಎಸ್ಸಿ. ಯಾರು ಏನು ನೋಡಿದರು ಎಂದು ಗಂಟೆ ಹಾಕಿ ಬರೆದಿಡುವ ಕೆಲಸ ಅವಳದು.

ಒಂದು ತಮಾಷೆ ಹೇಳಬೇಕು. ಬಳಗದಲ್ಲಿ ಯಾರೋ ಒಬ್ಬ ಹುಡುಗ ನಕ್ಷತ್ರಗಳ ಹೆಸರು ಚೆನ್ನಾಗಿ ಕಲಿತಿದ್ದಾನೆ, ಆದರೆ ನಾಚಿಕೆಯ ಸ್ವಭಾವ. ಎಲ್ಲೋ ಬಂಡೆಯ ಹಿಂದೆ ಮಲಗಿಕೊಂಡು ಆಗಾಗ ಒಂದು ಹೆಸರು ಕೂಗುತ್ತಿದ್ದ. "ಕೃತ್ತಿಕೆ ನೆತ್ತಿಗೆ ಬಂತು." ಆಮೇಲೆ ಸುಮ್ಮನಾಗುವುದು, ಯಾರಾದರೂ ಹೂಂ ಅನ್ನಲಿ ಎಂದು ಕಾಯುವ ಹಾಗೆ. ಒಂದು ಗಂಟೆ ಬಿಟ್ಟು "ರೋಹಿಣಿ ನೆತ್ತಿಗೆ ಬಂತು." ಹೀಗೇ ಮೃಗಶಿರ, ಆರ್ದ್ರಾ. ನಾನು ಹೇಳಿಸುತ್ತಿದ್ದೇನೆ ಅಂದುಕೊಂಡು ತೇಜಸ್ವಿನಿ ಎಲ್ಲವನ್ನೂ ಬರೆದಿದ್ದಾಳೆ: ೧೧.೦೫, ೧೨.೦೦, ೧೨.೫೦, ೧.೧೦. ಪಾಪ, ಎಲ್ಲವೂ ತಪ್ಪು. ಹನ್ನೊಂದಕ್ಕೆ ನಮ್ಮ ನೆತ್ತಿಯ ಮೇಲಿದ್ದದ್ದು ಪುಷ್ಯ. ಕೃತ್ತಿಕೆ ಆಗಲೇ ಪಶ್ಚಿಮಕ್ಕೆ ಇಳಿದಿತ್ತು. ಡಿಸೆಂಬರಿನ ಪಟ್ಟಿ ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ, ತಲೆಯೆತ್ತಿ ನೋಡಿಲ್ಲ. ಬೆಳಿಗ್ಗೆ ಯಾರಪ್ಪ ಅದು ಎಂದು ಕೇಳಿದರೆ ಒಬ್ಬರೂ ಒಪ್ಪಿಕೊಳ್ಳಲಿಲ್ಲ. ಒಬ್ಬೊಬ್ಬರೂ ಇನ್ನೊಬ್ಬರನ್ನು ತೋರಿಸಿದರು.

ರೇಣುಕಾ ಮಾತ್ರ ನಗಲಿಲ್ಲ. ಅವಳು ಜಮಖಾನದ ಮೇಲೆ ಕಿವಿಯೊತ್ತಿ ಮಲಗಿದ್ದಳು. ವಾಪಸ್ ಬರುವಾಗ ಟೆಂಪೋದಲ್ಲಿ ನನ್ನ ಪಕ್ಕ ಕೂತು ಹೇಳಿದಳು: "ಆ ದನಿ ಪಕ್ಕದಿಂದ ಬರ್ಲಿಲ್ಲ ಸಹನಾ. ಬಂಡೆ ಒಳಗಿಂದ ಬಂತು. ನಂಗೆ ಕಿವಿಗಿಂತ ಮುಂಚೆ ಕೆನ್ನೆಗೆ ತಿಳೀತು." ಚಳಿಗೆ ಅವಳಿಗೆ ಜ್ವರ ಬಂದಿತ್ತು. ಎರಡು ದಿನ ಲೈಬ್ರರಿಯ ಬಾಗಿಲು ತೆಗೆದಿಲ್ಲವಂತೆ.

ಮುಂದಿನ ಅಮಾವಾಸ್ಯೆಗೆ ಮತ್ತೆ ಹೋಗುವ ಯೋಚನೆಯಿದೆ. ನೀನು ರಜೆ ಹಾಕಿ ಬಂದರೆ ಎಷ್ಟು ಚೆಂದ.

ನಿನ್ನ
ಸಹನಾ


ರಸ್ತೆ ಕ್ಯಾಂಪ್
೪ ಮಾರ್ಚ್ ೨೦೨೬

ಸಹನಕ್ಕ,

ಎರಡು ಮೂರು ವಿಷಯ ಕೇಳಬೇಕು. ಮರೆಯದೆ ಉತ್ತರ ಬರೆಯಿರಿ.

ಹೆಸರು ಕೂಗಿದಾಗ ನಿಮ್ಮಲ್ಲಿ ಯಾರಾದರೂ ಓಗೊಟ್ಟಿರಾ?

ಆರ್ದ್ರಾ ಆದ ಮೇಲೆ, ಒಂದೂ ಮುಕ್ಕಾಲರ ಹೊತ್ತಿಗೆ, ಅಗಸ್ತ್ಯನ ಬಗ್ಗೆ ಏನಾದರೂ ಕೇಳಿಸಿತಾ? ಮೂರು ಗಂಟೆಗೆ ಪುನರ್ವಸು?

ಮತ್ತೆ ಅಲ್ಲಿಗೆ ಹೋಗಬೇಡಿ. ಮಕ್ಕಳನ್ನು ಕರಕೊಂಡು ಹೋಗಲೇಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ಸಾದಿಕ್


ಹೊಸದುರ್ಗ
೧೬ ಮಾರ್ಚ್ ೨೦೨೬

ಸಾದಿಕ್,

ಯಾರೂ ಓಗೊಡಲಿಲ್ಲ. ಎರಡು ಗಂಟೆಗೆ ನಾವು ಗುಡ್ಡ ಇಳಿದೆವು, ಆದ್ದರಿಂದ ಪುನರ್ವಸು ಗೊತ್ತಿಲ್ಲ.

ಅಗಸ್ತ್ಯನ ಮಾತು ಕೇಳಿಸಿತ್ತು. "ಅಗಸ್ತ್ಯ ಕಾಲ ಬುಡದಾಗೆ ಕಾಣ್ತೈತೆ" ಎಂದಿತು. ಒಂದು ಗಂಟೆ ನಲವತ್ತು ನಿಮಿಷ ಎಂದು ತೇಜಸ್ವಿನಿ ಬರೆದಿದ್ದಾಳೆ. ಅದಕ್ಕೆ ಅರ್ಥವೇ ಇಲ್ಲವೆಂದು ನಾನು ನಿನಗೆ ಬರೆದಿರಲಿಲ್ಲ. ಕಾಗದವನ್ನು ನಾಲ್ಕು ಸಲ ನೆನಪು ಮಾಡಿಕೊಂಡೆ. ಬರೆದಿರಲಿಲ್ಲ.

ಕೃತ್ತಿಕೆ, ರೋಹಿಣಿ, ಮೃಗಶಿರ, ಆರ್ದ್ರಾ ಎಂದ ಮೇಲೆ ಪುನರ್ವಸು ಯಾರು ಬೇಕಾದರೂ ಹೇಳಬಹುದು. ಅಗಸ್ತ್ಯ ಆ ಸಾಲಿಗೆ ಸೇರಿದ್ದಲ್ಲ. ಅದು ದಕ್ಷಿಣದ ತುದಿಯಲ್ಲಿ ಒಂಟಿಯಾಗಿರುವ ನಕ್ಷತ್ರ. ಮೂರು ಸಾವಿರ ಕಿಲೋಮೀಟರ್ ದೂರದಲ್ಲಿ ಕೂತು ನಿನಗೆ ಅದು ಹೇಗೆ ಗೊತ್ತಾಯಿತು?

ಆಮೇಲೆ ನಾನೊಂದು ಲೆಕ್ಕ ಹಾಕಿದೆ. ಕೃತ್ತಿಕೆ ಹನ್ನೊಂದೂ ಐದಕ್ಕೆ, ರೋಹಿಣಿ ಹನ್ನೆರಡಕ್ಕೆ, ಅಗಸ್ತ್ಯ ಒಂದೂ ನಲವತ್ತಕ್ಕೆ ದಕ್ಷಿಣದಲ್ಲಿ ನೇರ ನಿಲ್ಲುವುದು ವರ್ಷದಲ್ಲಿ ಒಂದೇ ವಾರ. ಡಿಸೆಂಬರ್ ಎಂಟರ ಆಚೀಚೆ. ಅಣ್ಣ ಹೋದದ್ದು ೨೦೧೮ರ ಡಿಸೆಂಬರ್ ಎಂಟನೇ ತಾರೀಖು ಶನಿವಾರ.

ಉತ್ತರ ಬರೆ.

ಸಹನಾ


ರಸ್ತೆ ಕ್ಯಾಂಪ್
೩ ಏಪ್ರಿಲ್ ೨೦೨೬

ಸಹನಕ್ಕ,

ಐದು ಸಲ ಬರೆದು ಒಲೆಗೆ ಹಾಕಿದೆ. ಇದನ್ನು ಹಾಕುವುದಿಲ್ಲ.

ನಾನು ಅಣ್ಣನನ್ನು ಚಿಕ್ಕಜಾಜೂರಿಗೆ ಬಿಡಲಿಲ್ಲ. ಅವತ್ತು ನಾವಿಬ್ಬರೂ ಗುಡ್ಡ ಇಳಿಯಲೇ ಇಲ್ಲ. ಕತ್ತಲಾದ ಮೇಲೆ ಆಕಾಶ ಎಷ್ಟು ಚೆನ್ನಾಗಿ ಕಾಣುತ್ತದೋ ನೋಡಿಯೇ ಹೋಗಾಣ ಅಂದರು. ಫೋನ್ ತಂದಿರಲಿಲ್ಲ, ಬೆಳಕು ಕಣ್ಣು ಕೆಡಿಸುತ್ತದೆಂದು ಅವರು ಯಾವಾಗಲೂ ಮನೆಯಲ್ಲೇ ಬಿಡುತ್ತಿದ್ದರು. ನಿಮ್ಮ ಅಪ್ಪ ಅದನ್ನು ಬೇರೆ ಥರ ತಿಳಿದುಕೊಂಡರು. ನಾನು ತಿದ್ದಲಿಲ್ಲ.

ಹತ್ತೂ ಮುಕ್ಕಾಲು ಇರಬಹುದು. ನಾನು ಟೆಲಿಸ್ಕೋಪಿನಲ್ಲಿ ಕೃತ್ತಿಕೆ ನೋಡುತ್ತಿದ್ದೆ. ನಮ್ಮಲ್ಲಿದ್ದದ್ದು ಒಂದೇ ಟಾರ್ಚು, ನನ್ನ ಜೇಬಿನಲ್ಲಿತ್ತು. ಅಣ್ಣ ಹಿಂದಿನಿಂದ, "ಸಾದಿಕ್, ಟಾರ್ಚ್ ಹಾಕು, ಕಾಲ್ಕೆಳಗೆ ಏನೋ ಸರಿಯಿಲ್ಲ" ಅಂದರು. "ಒಂದ್ ನಿಮ್ಷ ತಡಿಯಣ್ಣ, ಕಣ್ಣು ಕೆಡ್ತೈತೆ" ಅಂದೆ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಬೆಳಕು ಬಿದ್ದರೆ ಮತ್ತೆ ಅರ್ಧ ಗಂಟೆ ಕಾಯಬೇಕೆಂದು ಅವರೇ ಕಲಿಸಿದ್ದರು. ಅಷ್ಟರಲ್ಲಿ ಕಲ್ಲು ಜಾರಿದ ಸದ್ದು. ತಿರುಗಿ ನೋಡಿದರೆ ಯಾರೂ ಇಲ್ಲ. ಗಾಬರಿಯಲ್ಲಿ ಟಾರ್ಚು ತೆಗೆದು ಹಾಕಿದೆನೋ ಇಲ್ಲವೋ, ಕೈಜಾರಿ ಅದೂ ಇಳಿಜಾರಿನಲ್ಲಿ ಉರುಳಿ ಬಿತ್ತು. ಕೆಳಗೆಲ್ಲೋ ಎರಡು ಸಲ ಬಡಿದು ಆರಿತು.

ಸ್ವಲ್ಪ ಹೊತ್ತಿನ ಮೇಲೆ ಅಣ್ಣನ ದನಿ ಬಂತು. ಬಂಡೆಯ ಹೊಟ್ಟೆಯಿಂದ ಬಂದ ಹಾಗೆ, ಯಾವ ಕಡೆಯಿಂದ ಎಂದೇ ತಿಳಿಯುವುದಿಲ್ಲ. "ಸಾದಿಕ್, ಕಾಲು ಮುರಿದೈತೆ ಕಣೋ. ಮೇಲೆ ಆಕಾಶ ಒಂದು ಪಟ್ಟಿಯಷ್ಟೇ ಕಾಣ್ತೈತೆ. ಹೆದರ್ಬೇಡ. ನಾನು ನಕ್ಷತ್ರ ಹೇಳ್ತಾ ಹೋಗ್ತೀನಿ, ನೀನು ಗಡಿಯಾರ ನೋಡಿ ಲೆಕ್ಕ ಹಾಕು. ಸೀಳು ಯಾವ ದಿಕ್ಕಿಗೈತೆ ಗೊತ್ತಾಗ್ತೈತೆ." ಆಮೇಲೆ ಅಂದರು, "ಕೃತ್ತಿಕೆ ನೆತ್ತಿಗೆ ಬಂತು. ಕೇಳಿಸ್ತೇನೋ?"

ನನಗೆ ಲೆಕ್ಕ ಗೊತ್ತಿತ್ತು ಅಕ್ಕ. ಒಂದಾದ ಮೇಲೊಂದು ಬಂದು ಬೇಗ ಮರೆಯಾಗುತ್ತವೆಂದರೆ ಸೀಳು ಉತ್ತರ-ದಕ್ಷಿಣ. ಅಗಸ್ತ್ಯ ಕಾಲ ಬುಡದಲ್ಲಿ ಕಂಡರೆ ದಕ್ಷಿಣದ ಬಾಯಿ ತೆರೆದಿದೆ. ಆ ಗುಡ್ಡದಲ್ಲಿ ಹೆಚ್ಚಿನ ಸೀಳುಗಳೆಲ್ಲ ಪೂರ್ವ-ಪಶ್ಚಿಮ. ನಾನು ಕೂತಲ್ಲಿಂದಲೇ ಹೇಳಬಹುದಿತ್ತು ಅದು ಯಾವುದೆಂದು.

ನಾನು ಅಲ್ಲಾಡಲಿಲ್ಲ. ಇನ್ನೊಂದು ಹೆಜ್ಜೆಯಿಟ್ಟರೆ ನಾನೂ ಹೋಗುತ್ತೇನೆಂದು ಬಂಡೆ ತಬ್ಬಿಕೊಂಡು ಕೂತೆ. ಅದಕ್ಕಾದರೂ ಕ್ಷಮೆ ಇರಬಹುದು. ನಾನು ಓಗೊಡಲಿಲ್ಲ. ಒಂದು ಹೂಂ ಕೂಡ ಅನ್ನಲಿಲ್ಲ. ಓಗೊಟ್ಟರೆ ಹೋಗಲೇಬೇಕಾಗುತ್ತಿತ್ತು. ಅವರು ಹೇಳುವುದು, ಕಾಯುವುದು, ಮತ್ತೆ ಹೇಳುವುದು. ಮೂರಕ್ಕೆ ಪುನರ್ವಸು. ನಾಲ್ಕಕ್ಕೆ ಪುಷ್ಯ. ಆಮೇಲೆ ಸದ್ದಿಲ್ಲ.

ಬೆಳಕಾದ ಮೇಲೂ ಸದ್ದಿಲ್ಲ. ಹೋಗಿಬಿಟ್ಟರು ಅಂದುಕೊಂಡೆ. ರಾತ್ರಿ ಗುಡ್ಡದ ಮೇಲೆ ಇದ್ದದ್ದು ನಾವಿಬ್ಬರೇ, ಈ ಸಾದಿಕನ ಮಾತು ಯಾರು ನಂಬುತ್ತಾರೆ ಅಂದುಕೊಂಡೆ. ನೀವು ನಂಬುತ್ತಿದ್ದಿರಿ. ಅದು ಆಗಲೂ ಗೊತ್ತಿತ್ತು. ಟೆಲಿಸ್ಕೋಪ್ ಹೊತ್ತುಕೊಂಡು ಇಳಿದು, ಹೊಳಲ್ಕೆರೆಯಿಂದ ನಿಮ್ಮ ಮನೆಗೆ ಫೋನ್ ಮಾಡಿ ಚಿಕ್ಕಜಾಜೂರಿನ ಕಥೆ ಹೇಳಿದೆ.

ಇಲ್ಲಿ ಜನರೇಟರ್ ಪಕ್ಕದ ಕೋಣೆ ಎಲ್ಲರೂ ಬೇಡ ಅನ್ನುತ್ತಾರೆ. ನಾನು ಕೇಳಿ ಪಡೆದೆ. ಆಯಿಲ್ ಬದಲಿಸಲು ಅದನ್ನು ನಿಲ್ಲಿಸಿದಾಗೆಲ್ಲ ನನಗೆ ಆ ದನಿ ಕೇಳಿಸುತ್ತದೆ. ನನ್ನ ತಲೆ ಕೆಟ್ಟಿದೆ ಅಂದುಕೊಂಡಿದ್ದೆ. ಈಗ ನೀವೂ ಕೇಳಿದ್ದೀರಿ.

ಪೊಲೀಸರಿಗೆ ಈ ಕಾಗದ ಕೊಡಿ. ಹಿಮ ಸರಿಸಿ ದಾರಿ ತೆರೆದ ದಿನವೇ ನಾನು ಹೊರಡುತ್ತೇನೆ.

ಸಾದಿಕ್


ಹೊಸದುರ್ಗ
೨೧ ಏಪ್ರಿಲ್ ೨೦೨೬

ನಿನ್ನ ಕಾಗದ ಹದಿನೈದನೇ ತಾರೀಖು ಬಂತು. ಏನಾಯಿತೆಂದು ನಿನಗೆ ತಿಳಿಯಬೇಕು, ಅದಕ್ಕೆ ಬರೆಯುತ್ತಿದ್ದೇನೆ. ಬೇರೆ ಯಾವ ಕಾರಣಕ್ಕೂ ಅಲ್ಲ.

ಠಾಣೆಯಲ್ಲಿ ಕಾಗದ ಕೊಟ್ಟೆ. ಅರಣ್ಯದವರ ಜೊತೆ ಶನಿವಾರ ಬರುತ್ತೇವೆ ಎಂದರು. ನನಗೆ ಕಾಯಲಾಗಲಿಲ್ಲ. ಹದಿನೇಳರ ಸಂಜೆ ಎತ್ತಪ್ಪನವರನ್ನು ಕರೆದುಕೊಂಡು ನಾನೂ ರೇಣುಕಾನೂ ಹತ್ತಿದೆವು. ರೇಣುಕಾಗೆ ನಿನ್ನ ಕಾಗದ ಓದಲು ಕೊಟ್ಟಿದ್ದೆ. ಅವಳು ಎರಡು ಸಲ ಓದಿ, ಮಡಿಸಿ ವಾಪಸ್ ಕೊಟ್ಟಳು. ಒಂದೇ ಮಾತು: "ಹಂಗಾದ್ರೆ ಅವ್ರು ಓಡಿ ಹೋಗ್ಲಿಲ್ಲ."

ದಾರಿಯಲ್ಲಿ ಎತ್ತಪ್ಪನವರು ಹೇಳಿದರು. "ಚಳಿಗಾಲದಾಗೆ ಇಲ್ಲಿ ಯಾರೋ ಕುರಿ ಲೆಕ್ಕ ಹೇಳ್ತಾರೆ ಅಂತ ನಮ್ಮೋರು ರಾತ್ರಿ ಹತ್ತಲ್ಲಮ್ಮ. ನಾನೂ ಕೇಳೀನಿ. ಒಂದು ಹೇಳ್ತೈತೆ, ಆಮೇಲೆ ಭಾಳ ಹೊತ್ತು ಸುಮ್ಕಿರ್ತೈತೆ. ಯಾವನೋ ಸತ್ತ ಕುರುಬ ಅಂದ್ಕಂಡಿದ್ವಿ. ಏಳೆಂಟು ವರ್ಷದ ಹಿಂದೆ ಒಂದ್ಸಲ ಆ ಕಡೆ ನಾತ ಬಂದಿತ್ತು. ಚಿರತೆ ತಿಂದು ಬಿಟ್ಟಿರಬೇಕು ಅಂತ ಕುರಿ ಬೇರೆ ಕಡೆ ಹೊಡ್ದೆ."

ಅಮಾವಾಸ್ಯೆ. ಗಾಳಿ ಇರಲಿಲ್ಲ. ಗಾಳಿಯಂತ್ರಗಳು ತಿರುಗುವುದು ನಿಂತು ಕೆಂಪು ದೀಪಗಳು ಮಾತ್ರ ಹತ್ತಿ ಆರುತ್ತಿದ್ದವು. ಕೃತ್ತಿಕೆ ಒಂಬತ್ತಕ್ಕೇ ಮುಳುಗಿತ್ತು. ಹನ್ನೊಂದೂ ಐದಕ್ಕೆ ಆ ಮಾತು ಕೇಳಿಸಿತು.

ಫೆಬ್ರವರಿಯಲ್ಲಿ ಅದನ್ನು ಹುಡುಗನ ದನಿ ಅಂದುಕೊಂಡದ್ದು ಹೇಗೋ ನನಗೆ ಗೊತ್ತಿಲ್ಲ. ಅದು ಅಣ್ಣನದೇ. ಕೊನೆಯ ಅಕ್ಷರವನ್ನು ಸ್ವಲ್ಪ ಎಳೆಯುವುದು, ಹೇಳುವ ಮೊದಲು ಗಂಟಲು ಸರಿಮಾಡಿಕೊಳ್ಳುವುದು, ಎಲ್ಲ. ಇಲ್ಲದ ನಕ್ಷತ್ರವನ್ನು ಇದೆ ಎಂದು ಹೇಳುತ್ತಿತ್ತು.  ರೇಣುಕಾ ಬಂಡೆಗೆ ಕೆನ್ನೆಯಿಟ್ಟು, ಎದ್ದು, ನಾಲ್ಕು ಹೆಜ್ಜೆ ನಡೆದು, ಮತ್ತೆ ಕೆನ್ನೆಯಿಟ್ಟು ಕತ್ತಲಲ್ಲಿ ಹುಡುಕುತ್ತಾ ಹೋದಳು. ನಾನು ದಿಕ್ಸೂಚಿ ಹಿಡಿದು ಅವಳ ಹಿಂದೆ ಹೋದೆ. ಲಂಟಾನದ ಪೊದೆಯ ಕೆಳಗೆ ಒಂದು ಸೀಳು ಇತ್ತು. ಎರಡು ಗೇಣು ಅಗಲ. ಉತ್ತರ-ದಕ್ಷಿಣ. ನಾವು ಫೆಬ್ರವರಿಯಲ್ಲಿ ಜಮಖಾನ ಹಾಸಿದ್ದ ಜಾಗಕ್ಕೆ ಇಪ್ಪತ್ತು ಹೆಜ್ಜೆ.

ಹನ್ನೆರಡಕ್ಕೆ ನಮ್ಮ ಪಾದದ ಕೆಳಗಿನಿಂದ "ರೋಹಿಣಿ ನೆತ್ತಿಗೆ ಬಂತು" ಎಂದಿತು.  ಎತ್ತಪ್ಪನವರು ಕಂಬಳಿ ತಲೆಗೆಳೆದುಕೊಂಡು ಮುದುರಿದ್ದರು. ರೇಣುಕಾ ಬಗ್ಗಿ, ಮನೆಯೊಳಗೆ ಇರುವವರಿಗೆ ಹೇಳುವ ಹಾಗೆ ಹೇಳಿದಳು:

"ಕೇಳಿಸ್ತು. ರೋಹಿಣಿ."

 ಆಮೇಲೆ ತೀರಾ ಸಣ್ಣಗೆ ಕೇಳಿತು. "ಸಾದಿಕ್, ಬಂದ್ಯೇನಪ್ಪ?"

ಕೇಳಿದ್ದು ನಿನ್ನನ್ನು. ನನ್ನನ್ನಲ್ಲ, ಅಮ್ಮನನ್ನಲ್ಲ. ಅದನ್ನು ನಿನಗೆ ಹೇಳದೆ ಇರೋಣ ಅಂದುಕೊಂಡಿದ್ದೆ.

"ಸಾದಿಕ್ ಅಲ್ಲ, ನಾವು ಬಂದೀವಿ" ಎಂದಳು ರೇಣುಕಾ. "ಬೆಳಗಾಗ್ಲಿ. ಇಲ್ಲೇ ಕುಂತಿರ್ತೀವಿ."

ಹನ್ನೆರಡೂ ಐವತ್ತಕ್ಕೆ ಕಾದೆವು. ಮೃಗಶಿರ ಎಂದು ಯಾರೂ ಹೇಳಲಿಲ್ಲ. ಅಗಸ್ತ್ಯ ಎಂದೂ ಹೇಳಲಿಲ್ಲ. ಬೆಳಗಿನವರೆಗೆ ಅಲ್ಲೇ ಕೂತೆವು. ಅಷ್ಟು ನಿಶ್ಶಬ್ದವನ್ನು ನಾನು ಯಾವತ್ತೂ ಕೇಳಿಲ್ಲ.

ಶನಿವಾರ ಹತ್ತು ಗಂಟೆಗೆ ಹಗ್ಗ ಇಳಿಬಿಟ್ಟು ಒಬ್ಬರು ಇಳಿದರು. ಮೂವತ್ತು ಅಡಿ. ಎಲುಬು, ಬೆಲ್ಟು, ಒಡೆದ ಟಾರ್ಚು, ಕನ್ನಡಕ. ಎಡಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಕೂತವರ ಕೈಗೆಟುಕುವ ಎತ್ತರದಲ್ಲಿ ಬಂಡೆಯ ಮೇಲೆ ಬೆಲ್ಟಿನ ಕೊಕ್ಕೆಯಿಂದ ಗೀಚಿದ ಗುರುತು. ಮೊದಲು ಚುಕ್ಕೆಗಳು, ಕೃತ್ತಿಕೆಯ ಗೊಂಚಲು ಎಂದು ಯಾರಾದರೂ ಹೇಳಬಹುದು. ಅದರ ಕೆಳಗೆ ಉದ್ದುದ್ದ ಮೂರು ಗೀಟು.

ಮೂರು, ಸಾದಿಕ್. ಡಾಕ್ಟರು ಖಚಿತವಾಗಿ ಏನೂ ಹೇಳಲಾಗದು ಎನ್ನುತ್ತಾರೆ. ನನಗೆ ಖಚಿತ. ರಾತ್ರಿಗೊಂದು. ಪುಷ್ಯ ಹೇಳಿದ ಮೇಲೆ ಅವನು ಹೋಗಿರಲಿಲ್ಲ, ನಿದ್ದೆ ಹೋಗಿದ್ದ, ಇಲ್ಲವೇ ಪ್ರಜ್ಞೆ ತಪ್ಪಿತ್ತು. ಭಾನುವಾರ ನೀನು ಫೋನ್ ಮಾಡಿದಾಗ ಅವನು ಇದ್ದ. ಸೋಮವಾರ ಅಪ್ಪ ಚಿಕ್ಕಜಾಜೂರಿನ ಪ್ಲಾಟ್‌ಫಾರ್ಮಿನಲ್ಲಿ ಫೋಟೋ ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತಿದ್ದಾಗಲೂ ಇದ್ದ. ನಗುತ್ತಾ ಕೈ ಬೀಸಿದರು ಎಂದು ನೀನು ಬರೆದಿದ್ದೆ.

ನಿನ್ನೆ ನಮ್ಮ ಹೊಲದಲ್ಲಿ ಸಮಾಧಿ ಮಾಡಿದೆವು. ಅಮ್ಮ ಅಳಲಿಲ್ಲ. "ಏಳು ವರ್ಷ ಊಟಕ್ಕೆ ಕುಂತಾಗೆಲ್ಲ, ಎಲ್ಲಿ ಉಣ್ತಾನೋ ಅಂದ್ಕಂತಿದ್ದೆ" ಎಂದಳು, ಅಷ್ಟೆ.

ನೀನು ಬಂದರೆ ಠಾಣೆಗೆ ಹೋಗು. ನಮ್ಮ ಮನೆಗೆ ಬರಬೇಡ. ನಾನು ನಿನ್ನನ್ನು ನೋಡಲಾರೆ.

ಸಹನಾ


ಹೊಳಲ್ಕೆರೆ
೧೪ ಮೇ ೨೦೨೬

ಸಹನಕ್ಕನಿಗೆ,

ಈ ಕಾಗದವನ್ನು ನೀವು ಓದದೆಯೂ ಇರಬಹುದು. ಮೂರು ಗೀಟಿನ ವಿಷಯ ಓದಿದ ಮೇಲೆ ನನ್ನ ಬಗ್ಗೆ ಬರೆಯಲು ಏನೂ ಉಳಿದಿಲ್ಲ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ಮೇ ಒಂಬತ್ತರಂದು ಬಂದು ಹೇಳಿಕೆ ಕೊಟ್ಟೆ. ಕೇಸಾಗಿದೆ. "ಏಳು ವರ್ಷ ಸುಮ್ನಿದ್ದೋನು ಈಗ್ಯಾಕೆ ಬಾಯಿ ಬಿಟ್ಟೆ?" ಎಂದು ಸಾಹೇಬರು ಕೇಳಿದರು. ಕಾಗದ ಬಂತು ಸಾರ್ ಅಂದೆ. ಹಿರಿಯೂರಿನಿಂದ ದೊಡ್ಡಮ್ಮ ಬಂದು ಜಾಮೀನಿಗೆ ಸಹಿ ಹಾಕಿದರು. ಸಹಿ ಹಾಕಿ ನನ್ನ ಮುಖ ನೋಡದೆ ಬಸ್ಸು ಹತ್ತಿದರು. ಕೋರ್ಟಿನ ತಾರೀಖಿಗೆ ಇಲ್ಲೇ ಇರಬೇಕೆಂದು ಒಂದು ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದೇನೆ.

ನಿನ್ನೆ ಬೆಳಿಗ್ಗೆ ಗ್ಯಾರೇಜಿನ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ನಾನು ಅವರನ್ನು ನೋಡಿಯೇ ಇರಲಿಲ್ಲ. ಆದರೂ ಯಾರೆಂದು ತಿಳಿಯಿತು.

"ನಾನು ರೇಣುಕಾ" ಅಂದರು. "ಕೈ ತೊಳ್ಕಳಪ್ಪ. ಶ್ರೀರಾಂಪುರಕ್ಕೆ ಹೋಗಾಣ."

ಕೈ ತೊಳೆದು ಅವರ ಹಿಂದೆ ಹೊರಟೆ. ಬಸ್ಸಿನಲ್ಲಿ ಅವರು ಕಿಟಕಿ ಪಕ್ಕ ಕೂತರು, ನಾನು ಹಿಂದೆ ನಿಂತೆ. ಶ್ರೀರಾಂಪುರದಲ್ಲಿ ಇಳಿದಾಗ ಹನ್ನೊಂದೂವರೆ. ಸಂತೆಯ ದಿನವಲ್ಲ, ಆದರೂ ಅಂಗಡಿಗಳ ಮುಂದೆ ಜನ ಇದ್ದರು. ಟೀ ಅಂಗಡಿಯ ಬೆಂಚಿನ ಎದುರು ನನ್ನನ್ನು ನಿಲ್ಲಿಸಿ ಅವರು ಪಕ್ಕಕ್ಕೆ ಸರಿದರು.

"ಇಲ್ಲಿ ಹೇಳು" ಅಂದರು. "ಠಾಣೆಯಾಗೆ ಹೇಳಿದ್ದನ್ನೇ. ಕತ್ಲಾಗೆ ಅಲ್ಲ, ಹಿಂಗೆ, ಎಲ್ರಿಗೂ ಮುಖ ಕಾಣೋ ಹಂಗೆ."

 ಎಲ್ಲರೂ ಟೀ ಲೋಟ ಹಿಡಿದು ನೋಡುತ್ತಿದ್ದರು. ಬೆಂಚಿನ ಮೇಲಿದ್ದ ಒಬ್ಬ ಮುದುಕಿ, ತಿಪ್ಪಕ್ಕ ಎಂದು ಆಮೇಲೆ ತಿಳಿಯಿತು, "ಯಾರವ್ವ ರೇಣುಕಾ ಇವ್ನು?" ಎಂದು ಕೇಳಿದರು. ರೇಣುಕಾ ಅವರ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದರು.

ಹೇಳಿದೆ. ನನ್ನ ಹೆಸರು ಸಾದಿಕ್. ನಾಗರಾಜಣ್ಣ ಮದುವೆ ಬೇಡವೆಂದು ಓಡಿಹೋಗಿರಲಿಲ್ಲ. ರೈಲು ಹತ್ತಲಿಲ್ಲ. ಆ ಸುಳ್ಳು ಕಟ್ಟಿದವನು ನಾನು. ಅವರು ಗುಡ್ಡದ ಸೀಳಿನಲ್ಲಿ ಬಿದ್ದು ಕಾಲು ಮುರಿದುಕೊಂಡು ರಾತ್ರಿಯಿಡೀ ನನ್ನನ್ನು ಕರೆದರು. ನಾನು ಹತ್ತು ಹೆಜ್ಜೆ ದೂರದಲ್ಲಿ ಕೂತು ಕೇಳಿಸಿಕೊಂಡೆ. ಓಗೊಡಲಿಲ್ಲ.

ಯಾರೋ ಒಬ್ಬರು ಎದ್ದು ಬಂದು ನನ್ನ ಕೆನ್ನೆಗೆ ಹೊಡೆದರು. ಇನ್ನೊಬ್ಬರು ಅವರನ್ನು ಹಿಡಿದುಕೊಂಡರು. ತಿಪ್ಪಕ್ಕ ಲೋಟ ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು, ನನ್ನನ್ನಲ್ಲ, ರೇಣುಕಾ ಅವರನ್ನು ನೋಡಿದರು. ನೋಡಿ ತಲೆ ತಗ್ಗಿಸಿದರು. ಅಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು.

ನಾನು ಮುಗಿಯಿತೆಂದು ಬಸ್ ನಿಲ್ದಾಣದ ಕಡೆ ತಿರುಗಿದೆ. ರೇಣುಕಾ ಆಗಲೇ ನಾಲ್ಕು ಹೆಜ್ಜೆ ಮುಂದೆ ನಡೆದಿದ್ದರು, ಬೇರೆ ಕಡೆಗೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹಿಂತಿರುಗಿ ನೋಡಿದರು.

"ಎಲ್ಲಿಗೋ?" ಅಂದರು. "ಇನ್ನೂ ಮೂರು ಬೀದಿ ಅವೆ. ನಡಿ."

ಸಾದಿಕ್